ವೈಶಾಖದ ಬಿಸಿಲಲ್ಲಿ ಕಾರವಾರ, ಅಂಕೋಲೆ

ನಮ್ಮ ಸಮಾಜದ ಮನೆಗಳಲ್ಲಿ ಪ್ರವಾಸವೆಂದರೆ ಬಹುಮಟ್ಟಿಗೆ ಯಾತ್ರೆಯೇ. ಕೂಡಲಸಂಗಮ, ಬಸವಕಲ್ಯಾಣ, ಶ್ರೀಶೈಲ, ಉಳವಿ ಎಂದು ಹೇಳಿ ಹೊರಟರೆ ಮನೆಯ ಹಿರಿಯರು ಸಂತೋಷದಿಂದ ಬುತ್ತಿ ಕಟ್ಟಿಕೊಡುತ್ತಾರೆ, ಬೇರಾವ ಊರಿನ ಹೆಸರು ಹೇಳಿದರೂ "ಅಲ್ಲೇನು ಕೆಲಸ?" ಎಂಬ ಪ್ರಶ್ನೆ ಬರುತ್ತದೆ. ಭಾರತ ಹುಣ್ಣಿಮೆಗೆ ಧಾರವಾಡ, ಬೆಳಗಾವಿ ಸೀಮೆಯ ಚಕ್ಕಡಿಗಳು ಸಾಲುಗಟ್ಟಿ ಉಳವಿಯ ಕಾಡಿಗೆ ಇಳಿಯುವುದನ್ನು ನಮ್ಮ ಓದುಗರಲ್ಲಿ ಕಾಣದವರು ವಿರಳ. ಕಲ್ಯಾಣದ ವಿಪ್ಲವದ ತರುವಾಯ ಚೆನ್ನಬಸವಣ್ಣನವರು ಶರಣರೊಡನೆ ಬಂದು ಐಕ್ಯರಾದ ನೆಲವದು. ಆದರೆ ಆ ಕಾಡಿನ ಹಳ್ಳಗಳ ನೀರು ಕಾಳೀ ನದಿಯನ್ನು ಕೂಡಿ ಮುಂದೆ ಎಲ್ಲಿಗೆ ಹೋಗುತ್ತದೆಂದು ಕೇಳಿದವರೂ ಅಷ್ಟೇ ವಿರಳ. ಉಳವಿಯಲ್ಲಿ ಕಾಯಿ ಒಡೆದು, ಪ್ರಸಾದ ಸ್ವೀಕರಿಸಿ, ಚಕ್ಕಡಿಯ ಮುಖವನ್ನು ಮತ್ತೆ ಬಯಲುಸೀಮೆಯತ್ತ ತಿರುಗಿಸುವುದೇ ನಮ್ಮ ರೂಢಿ. ಆ ನೀರು ಸೇರುವ ಕಡಲನ್ನು ನೋಡಬೇಕೆಂಬ ಆಸೆ ನಮ್ಮಲ್ಲಿ ಬಹಳ ವರ್ಷಗಳಿಂದ ಇತ್ತು.

ಅದಕ್ಕೆ ಕಾಲ ಕೂಡಿಬಂದದ್ದು ವಿಚಿತ್ರ ರೀತಿಯಲ್ಲಿ. ನಮ್ಮ ಬಂಧುಗಳ ಮಗನೊಬ್ಬ ಉದ್ಯೋಗದ ನಿಮಿತ್ತ ಪರದೇಶದಲ್ಲಿರುವವನು, ಬೇಸಿಗೆಯ ರಜೆಯಲ್ಲಿ ಏಕಾಕಿಯಾಗಿ ರೋಮ್, ಅಥೆನ್ಸ್ ಮೊದಲಾದ ಪುರಾತನ ಪಟ್ಟಣಗಳನ್ನು ಸುತ್ತಿ ಬಂದು ಮನೆಯಲ್ಲಿ ಅದರ ಕಥೆ ಹೇಳಿದನು. ಕಲ್ಲು ಕಾಯ್ದು ಹೆಂಚಿನಂತಾಗುವ ಆ ಊರುಗಳಲ್ಲಿ ಮಧ್ಯಾಹ್ನ ಹೊರಗೆ ಕಾಲಿಡಲಾಗದಂತೆ. 2023ರ ಜುಲೈಯಲ್ಲಿ ಅಥೆನ್ಸಿನ ಅಕ್ರೊಪೊಲಿಸ್ ಬೆಟ್ಟವನ್ನು ಬಿಸಿಲಿನ ಕಾರಣ ನಡುಹಗಲಿನಲ್ಲಿ ಪ್ರವಾಸಿಗರಿಗೆ ಮುಚ್ಚಿದ್ದರೆಂಬುದನ್ನು ನಾವೂ ಪತ್ರಿಕೆಯಲ್ಲಿ ಓದಿದ್ದೆವು. ಅವನ ಮಾತು ಕೇಳುತ್ತ ನಮಗೆ ಅನ್ನಿಸಿದ್ದು ಇಷ್ಟೇ: ಯುರೋಪಿನವರು ತಮ್ಮ ಊರು ಬಿಟ್ಟು ಬಂದು ಬೆವರು ಸುರಿಸಿದ ಹಳೆಯ ಬಂದರು ನಮ್ಮ ಹುಬ್ಬಳ್ಳಿಯಿಂದ ಒಂದು ಹಗಲಿನ ದಾರಿಯಲ್ಲಿದೆ, ಅದನ್ನೇ ನಾವಿನ್ನೂ ನೋಡಿಲ್ಲ.

ಬಸವ ಜಯಂತಿ ಮುಗಿದ ವಾರಕ್ಕೆ ನಾವು ಹೊರಟೆವು. ಇಲ್ಲಿ 'ನಾವು' ಎಂದರೆ ನಾವೊಬ್ಬರೇ. ಅದು ಬರೆಯುವವರ ರೂಢಿ. ಮನೆಯವರು ಮಾತ್ರ ಈ ವ್ಯಾಕರಣವನ್ನು ಒಪ್ಪಲಿಲ್ಲ. "ನಾವು ಹೋಗುತ್ತೇವೆ ಎನ್ನುತ್ತೀರಿ, ಹೋಗುವವರು ಒಬ್ಬರೇ" ಎಂದು ಆಕ್ಷೇಪಿಸಿದರು. ಸೊಸೆಯ ಆಕ್ಷೇಪಕ್ಕೆ ಇನ್ನಷ್ಟು ಆಧಾರವಿತ್ತು. 2003ರ ಬೇಸಿಗೆಯಲ್ಲಿ ಫ್ರಾನ್ಸ್ ದೇಶವೊಂದರಲ್ಲಿಯೇ ಸುಮಾರು 15,000 ಜನ ಶಾಖಾಘಾತದಿಂದ ತೀರಿಕೊಂಡರು. ಅವರಲ್ಲಿ ಬಹುಪಾಲು ವೃದ್ಧರು, ಅನೇಕರು ಒಂಟಿಯಾಗಿದ್ದವರು, ಮಕ್ಕಳು ರಜೆಗೆಂದು ಊರು ಬಿಟ್ಟಿದ್ದ ದಿನಗಳವು. "ಬಿಸಿಲಿಗಿಂತ ಒಂಟಿತನವೇ ಅವರನ್ನು ಕೊಂದದ್ದು ಮಾಮಾ" ಎಂದಳು. ಆ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಮೂರು ಹೊತ್ತು ದೂರವಾಣಿ ಮಾಡುವುದಾಗಿ ಮಾತು ಕೊಟ್ಟು ಬಸ್ಸು ಹತ್ತಿದೆವು.

ಕಲಘಟಗಿ, ಯಲ್ಲಾಪುರ, ಅರೆಬೈಲ ಘಟ್ಟ. ಘಟ್ಟ ಇಳಿಯುವಾಗ ಕಿಟಕಿಯಿಂದ ಬರುವ ಗಾಳಿ ತೇವವಾಗತೊಡಗಿತು. ಬಯಲುಸೀಮೆಯ ಬಿಸಿಲು ನಮಗೆ ಹೊಸದಲ್ಲ. ಕಲಬುರ್ಗಿಯ 42 ಡಿಗ್ರಿಯಲ್ಲಿಯೂ ತಲೆಗೆ ಒದ್ದೆಯ ವಸ್ತ್ರ ಕಟ್ಟಿಕೊಂಡು ನಡೆದವರು ನಾವು. ಕಾರವಾರದಲ್ಲಿ ಉಷ್ಣಮಾಪಕ 35ರ ಆಸುಪಾಸಿನಲ್ಲಿಯೇ ನಿಲ್ಲುತ್ತದೆ. ಆದರೂ ಅಲ್ಲಿಯ ಸೆಕೆ ನಮ್ಮನ್ನು ಸೋಲಿಸಿತು. ಒಣ ಹವೆಯಲ್ಲಿ ಬೆವರು ಆರಿ ಮೈಯನ್ನು ತಣಿಸುತ್ತದೆ. ಕಡಲ ತಡಿಯ ಗಾಳಿ ಮೊದಲೇ ನೀರನ್ನು ಹೀರಿ ತುಂಬಿಕೊಂಡಿರುವುದರಿಂದ ಬೆವರು ಆರದೆ ಮೈಮೇಲೆಯೇ ಹರಿಯುತ್ತದೆ. ವಯಸ್ಸಾದವರು ಇಲ್ಲಿಗೆ ಬರುವುದಾದರೆ ತಿರುಗಾಟವನ್ನು ಬೆಳಗಿನ ಹತ್ತು ಗಂಟೆಯೊಳಗೆ ಮುಗಿಸಿಕೊಳ್ಳುವುದು ಒಳಿತು.

ಈ ಸೆಕೆ ಎಂಥದೆಂಬುದಕ್ಕೆ ಇತಿಹಾಸವೇ ಸಾಕ್ಷಿ. ಕಾರವಾರದ ದಕ್ಷಿಣಕ್ಕೆ ಬಿಣಗಾದ ಎದುರು ಕಡಲಿನಲ್ಲಿ ಅಂಜುದೀವ ಎಂಬ ಪುಟ್ಟ ದ್ವೀಪವಿದೆ. ಈಗ ಅದು ನೌಕಾನೆಲೆಯ ಎಲ್ಲೆಯೊಳಗಿದ್ದು ನಮ್ಮಂಥವರಿಗೆ ಪ್ರವೇಶವಿಲ್ಲ. 1498ರಲ್ಲಿ ವಾಸ್ಕೋ ಡ ಗಾಮ ಊರಿಗೆ ಮರಳುವಾಗ ಅಲ್ಲಿ ತಂಗಿದ್ದನು. 1505ರಲ್ಲಿ ಪೋರ್ಚುಗೀಜರು ಕೋಟೆ ಕಟ್ಟಿದರು. ಮುಂದೆ 1662ರಲ್ಲಿ, ಪೋರ್ಚುಗೀಜರಿಂದ ಬಳುವಳಿಯಾಗಿ ಬಂದ ಮುಂಬಯಿಯನ್ನು ವಶಕ್ಕೆ ಪಡೆಯಲು ಇಂಗ್ಲೆಂಡಿನ ಅರಸನು ಕಳಿಸಿದ ನಾಲ್ಕೈದು ನೂರು ಸೈನಿಕರಿಗೆ ಮುಂಬಯಿಯ ಬಾಗಿಲು ತೆರೆಯದೆ, ಅವರು ಈ ದ್ವೀಪದಲ್ಲಿ ಕಾದು ಕುಳಿತರು. ಬಿಸಿಲು, ಮಳೆ, ಜ್ವರಗಳಿಗೆ ಸಿಕ್ಕಿ ಅವರ ನಾಯಕ ಶಿಪ್ಮನ್ ಸಹ 1664ರಲ್ಲಿ ಅಲ್ಲಿಯೇ ಮಣ್ಣಾದನು. 1665ರಲ್ಲಿ ಮುಂಬಯಿಯನ್ನು ಪಡೆದುಕೊಳ್ಳುವ ಹೊತ್ತಿಗೆ ಬದುಕಿ ಉಳಿದಿದ್ದವರು ನೂರರ ಆಸುಪಾಸು. ಒಂದು ಮಹಾನಗರದ ಕಾಗದಪತ್ರ ಸರಿಹೋಗುವುದಕ್ಕಾಗಿ ನಮ್ಮ ಕಡಲಿನ ಒಂದು ಬಂಡೆಯ ಮೇಲೆ ಇಷ್ಟು ಮಕ್ಕಳು ಸತ್ತರು. ಅವರ ತಾಯಂದಿರಿಗೆ ಈ ದ್ವೀಪದ ಹೆಸರಾದರೂ ತಿಳಿದಿತ್ತೋ ಇಲ್ಲವೋ.

ಕಾರವಾರದ ಚರಿತ್ರೆಯನ್ನು ನಮ್ಮ ಸೀಮೆಯವರು ಪರಕೀಯವೆಂದು ಭಾವಿಸುವ ಕಾರಣವಿಲ್ಲ. ಇಲ್ಲಿ 1638ರಲ್ಲಿ ಇಂಗ್ಲಿಷರು ವ್ಯಾಪಾರದ ಕೋಠಿ ತೆರೆದದ್ದು ಘಟ್ಟದ ಕಾಳುಮೆಣಸಿಗಾಗಿ ಮತ್ತು ಘಟ್ಟದ ಮೇಲಿನ ನೇಕಾರರು ನೇಯ್ದ ತೆಳುವಾದ ಅರಿವೆಗಾಗಿ. ಉತ್ತರ ಕನ್ನಡವು ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿದ 1862ರ ಸುಮಾರಿಗೆ ಈ ಬಂದರನ್ನು ಬೆಳೆಸಬೇಕೆಂಬ ಉತ್ಸಾಹ ಹುಟ್ಟಿದ್ದು ಧಾರವಾಡದ ಅರಳೆಗಾಗಿ. ಆಗ ಅಮೆರಿಕೆಯಲ್ಲಿ ಅಂತರ್ಯುದ್ಧ ನಡೆದು ಮ್ಯಾಂಚೆಸ್ಟರಿನ ಗಿರಣಿಗಳಿಗೆ ಹತ್ತಿಯಿಲ್ಲದಾಗಿತ್ತು. ನಮ್ಮ ಮುತ್ತಜ್ಜಂದಿರ ಎರೆಹೊಲದ ಹತ್ತಿ ಎತ್ತಿನ ಗಾಡಿಗಳಲ್ಲಿ ಘಟ್ಟ ಇಳಿದು ಈ ತಡಿಯನ್ನು ಕಂಡಿತು. ಬಳಿಕ 1888ರಲ್ಲಿ ರೈಲು ಮಾರ್ಮಗೋವಾ ಬಂದರಿಗೆ ಹೋಗಲು ಹತ್ತಿಯೂ ಅತ್ತ ತಿರುಗಿತು. ಕಾರವಾರ ಮತ್ತೆ ನಿದ್ರೆಗೆ ಜಾರಿತು. ಕೊಂಕಣ ರೈಲ್ವೆ ಬಂದು ಈ ಊರಿಗೆ ರೈಲಿನ ಸಿಳ್ಳು ಕೇಳಿಸಲು ಮತ್ತೂ ಒಂದು ಶತಮಾನ ಬೇಕಾಯಿತು.

ಆ ನಿದ್ರೆಯ ಕಾಲದಲ್ಲಿಯೇ ಇಲ್ಲಿಗೆ ಒಬ್ಬ ತರುಣ ಕವಿ ಬಂದನು. ಐ.ಸಿ.ಎಸ್. ಪರೀಕ್ಷೆಯಲ್ಲಿ ಉತ್ತೀರ್ಣರಾದ ಮೊದಲ ಭಾರತೀಯರಾದ ಸತ್ಯೇಂದ್ರನಾಥ ಠಾಕೂರರು 1880ರ ದಶಕದ ಆರಂಭದಲ್ಲಿ ಇಲ್ಲಿಯ ಜಿಲ್ಲಾ ನ್ಯಾಯಾಧೀಶರಾಗಿದ್ದರು. ಅವರ ತಮ್ಮ ರವೀಂದ್ರನಾಥರು ಇಪ್ಪತ್ತೆರಡರ ಪ್ರಾಯದಲ್ಲಿ ಅಣ್ಣನ ಮನೆಗೆ ಬಂದರು. ಅರ್ಧಚಂದ್ರಾಕಾರದ ಈ ಕಡಲ ತೀರವನ್ನೂ, ಬೆಳದಿಂಗಳಿನಲ್ಲಿ ದೋಣಿಯೇರಿ ಕಾಳೀ ನದಿಯಲ್ಲಿ ಹೋಗಿ, ದಡದ ರೈತನೊಬ್ಬನ ಅಂಗಳದಲ್ಲಿ ಕುಳಿತು ಉಂಡು, ನಡುರಾತ್ರಿ ಮರಳಿನ ಮೇಲೆ ನಡೆದು ಮನೆ ಸೇರಿದ್ದನ್ನೂ ಅವರು ತಮ್ಮ 'ಜೀವನಸ್ಮೃತಿ'ಯಲ್ಲಿ ನೆನೆದಿದ್ದಾರೆ. ತೀರಕ್ಕೆ ಈಗ ಅವರದೇ ಹೆಸರು. ಸಂಜೆ ಅಲ್ಲಿ ಮಕ್ಕಳು 'ಚಪಲ' ಎಂಬ ನಿವೃತ್ತ ಯುದ್ಧನೌಕೆಯ ಸಂಗ್ರಹಾಲಯಕ್ಕೆ ಓಡುತ್ತಾರೆ. ನಾವು ಮರಳಿನ ಮೇಲೆ ಕುಳಿತು ಅವರ ನಾಟಕವನ್ನು ಕುರಿತು ಯೋಚಿಸಿದೆವು.

ಕಾರವಾರದಲ್ಲಿ ಅವರು ರಚಿಸಿ 1884ರಲ್ಲಿ ಪ್ರಕಟವಾದ ಆ ನಾಟಕ 'ಪ್ರಕೃತಿರ್ ಪ್ರತಿಶೋಧ'. ಅದರ ಕಥೆ ನಮ್ಮ ಓದುಗರಿಗೆ ಹತ್ತಿರದ್ದು. ಗುಹೆಯಲ್ಲಿ ಕುಳಿತು ಜಗತ್ತನ್ನೆಲ್ಲ ಗೆದ್ದೆನೆಂದುಕೊಂಡ ಸಂನ್ಯಾಸಿಯೊಬ್ಬ ಊರಿಗೆ ಬರುತ್ತಾನೆ. ಅಲ್ಲಿ ಅಸ್ಪೃಶ್ಯಳೆಂದು ಎಲ್ಲರೂ ದೂರವಿಟ್ಟ ಅನಾಥ ಬಾಲೆಯೊಬ್ಬಳು ಅವನ ಆಶ್ರಯ ಕೇಳುತ್ತಾಳೆ. ತನಗೆ ಶುದ್ಧಿ, ಮೈಲಿಗೆ ಎರಡೂ ಇಲ್ಲವೆಂಬ ಹೆಮ್ಮೆಯಿಂದ ಅವನು ಅವಳನ್ನು ಸೇರಿಸಿಕೊಳ್ಳುತ್ತಾನೆ. ಆದರೆ ಅವಳ ಮೇಲೆ ಮಮತೆ ಹುಟ್ಟಿದೊಡನೆ ಹೆದರಿ ಓಡಿಹೋಗುತ್ತಾನೆ. ದಂಡವನ್ನೂ ಕಮಂಡಲವನ್ನೂ ಎಸೆದು ಮರಳಿ ಬರುವ ಹೊತ್ತಿಗೆ ಅವಳು ಬದುಕಿಲ್ಲ. ಅಸೀಮವಾದುದನ್ನು ಸೀಮೆಯೊಳಗೇ ಕಾಣುವ ಆನಂದವು ತಮ್ಮ ಮುಂದಿನ ಬರಹಗಳಿಗೆಲ್ಲ ವಸ್ತುವಾಯಿತೆಂದೂ ಈ ನಾಟಕವೇ ಅದಕ್ಕೆ ಪೀಠಿಕೆಯೆಂದೂ ಕವಿಯೇ ಹೇಳಿಕೊಂಡಿದ್ದಾರೆ. ಅಂಗೈಯ ಮೇಲಿನ ಇಷ್ಟಲಿಂಗದಲ್ಲಿ ನಿರವಯವಾದುದನ್ನು ಕಾಣುವ ಪರಂಪರೆಯಲ್ಲಿ ಬೆಳೆದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಸಂಸಾರವನ್ನು ಬಿಟ್ಟು ಓಡದೆ, ಕಾಯಕ ಮಾಡುತ್ತಲೇ ಸತ್ಯವನ್ನು ಕಾಣಬೇಕೆಂದು ಶರಣರು ಹೇಳಿದ ಏಳು ಶತಮಾನಗಳ ನಂತರ, ಉಳವಿಯ ನೀರು ಕಡಲು ಸೇರುವ ತಾಣದಲ್ಲಿ ಕುಳಿತು ವಂಗದೇಶದ ತರುಣನೊಬ್ಬ ಅದೇ ಮಾತನ್ನು ತನ್ನಷ್ಟಕ್ಕೆ ತಾನೇ ಕಂಡುಕೊಂಡನು. ಊರಿಗೆ ಹೋದೊಡನೆ, 1883ರ ಡಿಸೆಂಬರಿನಲ್ಲಿ, ಅವನಿಗೆ ಮದುವೆಯೂ ಆಯಿತೆಂಬುದು ನಮಗೆ ವಿಶೇಷ ಸಂತೋಷ ಕೊಟ್ಟ ಸಂಗತಿ.

ಮರುದಿನ ಬೆಳಿಗ್ಗೆ ವಸತಿಗೃಹದಲ್ಲಿ ಲಿಂಗಪೂಜೆ ಮುಗಿಸಿ, ಕಾಳೀ ಸೇತುವೆಯನ್ನು ದಾಟಿ ಸದಾಶಿವಗಡಕ್ಕೆ ಹೋದೆವು. ಈ ನದಿಯ ಮೇಲೆ ಎರಡು ಸೇತುವೆಗಳಿದ್ದವು. ನಾಲ್ಕು ದಶಕ ಹಳೆಯದಾದ ಒಂದು 2024ರ ಆಗಸ್ಟ್ 7ರ ನಡುರಾತ್ರಿ ಕುಸಿದು ಬಿತ್ತು. ಸೋಂದೆಯ ಅರಸರು ಹದಿನೆಂಟನೆಯ ಶತಮಾನದ ಮೊದಲ ಭಾಗದಲ್ಲಿ ಕಟ್ಟಿಸಿದ ಕೋಟೆಯ ಅವಶೇಷಗಳು ಗುಡ್ಡದ ಮೇಲಿವೆ. ದುರ್ಗಾದೇವಿಯ ಗುಡಿಯೂ ಇದೆ. ಕೋಟೆಗಿಂತ ಅಲ್ಲಿಂದ ಕಾಣುವ ನೋಟ ದೊಡ್ಡದು. ಒಂದು ಕಡೆ ಕಾಡಿನಿಂದ ಇಳಿದು ಬಂದ ಹಸಿರು ನೀರು, ಇನ್ನೊಂದು ಕಡೆ ಕಡಲು. ಎಲ್ಲಿ ನದಿ ಮುಗಿಯಿತು, ಎಲ್ಲಿ ಕಡಲು ಮೊದಲಾಯಿತು ಎಂದು ಗೆರೆ ಎಳೆಯಲು ಬಾರದು. ಅಲ್ಲಿ ಹೆಚ್ಚು ಹೊತ್ತು ನಿಂತುದರಿಂದ ಇಳಿಯುವಾಗ ಹನ್ನೆರಡು ದಾಟಿತ್ತು. ಸೀಸೆಯಲ್ಲಿದ್ದ ನೀರೂ ತೀರಿತ್ತು.

ಗುಡ್ಡದ ಬುಡದಲ್ಲಿ ಮೀನುಗಾರರ ಕೆಲವು ಮನೆಗಳು. ಅಂಗಳದ ಚಪ್ಪರದ ನೆರಳಿನಲ್ಲಿ ಬಲೆಯ ಹರುಕನ್ನು ಹೊಲಿಯುತ್ತ ಕುಳಿತಿದ್ದ ವೃದ್ಧೆಯೊಬ್ಬಳನ್ನು ನೀರು ಕೇಳಿದೆವು. ಅವಳ ಮನೆಮಾತು ಕೊಂಕಣಿ. ನಮಗಾಗಿ ಕನ್ನಡದಲ್ಲಿ ಮಾತಾಡಿದಳು. ನಮ್ಮ ಹಣೆಯ ವಿಭೂತಿಯನ್ನು ನೋಡಿ ಎದ್ದವಳು ಕೊಡದ ಬಳಿಗೆ ಹೋಗದೆ ಅಲ್ಲಿಯೇ ನಿಂತಳು.

"ಅಯ್ಯಾ, ಇವತ್ತು ಮನೆಯಲ್ಲಿ ಮೀನು ಆಗಿದೆ. ಸ್ವಲ್ಪ ಕುಳಿತುಕೊಳ್ಳಿ. ಬಿಂದಿಗೆ ತೊಳೆದು ಬಾವಿಯಿಂದ ಹೊಸ ನೀರು ಸೇದಿ ತರುತ್ತೇನೆ."

"ಬೇಡ ತಾಯೀ, ಕೊಡದಲ್ಲಿರುವ ನೀರನ್ನೇ ಕೊಡಿರಿ" ಎಂದೆವು.

"ನಿಮಗೆ ನಡೆದೀತು. ದೋಷ ನಮಗೆ ಬರುವುದಿಲ್ಲವೆ?" ಎಂದಳು.

ಆ ಪ್ರಶ್ನೆ ಇಂದಿಗೂ ನಮ್ಮ ಕಿವಿಯಲ್ಲಿದೆ. ನಮ್ಮ ಶುದ್ಧಿ ಕೆಟ್ಟೀತೆಂಬ ಚಿಂತೆಗಿಂತ ಅದನ್ನು ಕೆಡಿಸಿದ ಪಾಪ ತನ್ನ ಮನೆಗೆ ತಟ್ಟೀತೆಂಬುದು ಅವಳ ಅಂಜಿಕೆ. ಹರಳಯ್ಯ, ಮಧುವರಸರ ಮನೆಗಳ ಸಂಬಂಧಕ್ಕಾಗಿ ಕಲ್ಯಾಣದ ಬೀದಿಯಲ್ಲಿ ರಕ್ತ ಹರಿಯಿತು. ವರ್ಷಕ್ಕೊಮ್ಮೆ ಜಯಂತಿಯ ವೇದಿಕೆಗಳಲ್ಲಿ ನಾವು ಅದನ್ನು ಹೇಳಿ ಹಾರ ಹಾಕಿಸಿಕೊಳ್ಳುತ್ತೇವೆ. ಆ ಮಾತು ಈ ಅಂಗಳಕ್ಕೆ ತಲುಪಿಯೇ ಇಲ್ಲ. ತಲುಪಿರುವುದು ನಮ್ಮ ವಿಭೂತಿ ಮಾತ್ರ. ಅದನ್ನು ಕಂಡು ಅವಳು ಹಿಂದೆ ಸರಿದು ನಿಂತಳು. ಹಿಂದಿನ ಸಂಜೆ ನೆನೆದ ನಾಟಕದ ಬಾಲೆ ಇಲ್ಲಿ ಮುದುಕಿಯಾಗಿ ನಿಂತಂತಿತ್ತು. ನಾವೇ ಚಪ್ಪರದೊಳಗೆ ಹೋಗಿ ಕೊಡದಿಂದ ಬಗ್ಗಿಸಿಕೊಂಡು ಕುಡಿದೆವು. ಅವಳು ನಮ್ಮ ಗಂಟಲನ್ನೇ ನೋಡುತ್ತಿದ್ದಳು. ಎರಡನೆಯ ತಂಬಿಗೆ ಕುಡಿದ ಮೇಲೆ ಒಳಗೆ ತಿರುಗಿ ಕೊಂಕಣಿಯಲ್ಲಿ ಏನನ್ನೋ ಕೂಗಿದಳು. ಸೊಸೆ ಮುರುಗಲ ಹಣ್ಣಿನ ಪಾನಕಕ್ಕೆ ಬೆಲ್ಲವನ್ನೂ ಒಂದು ಹರಳು ಉಪ್ಪನ್ನೂ ಹಾಕಿ ತಂದಳು. ಬಿಸಿಲಿನಲ್ಲಿ ಬೆವರಿದವರಿಗೆ ಬರೀ ನೀರು ಸಾಲದು, ಉಪ್ಪೂ ಬೇಕೆಂಬುದನ್ನು ಈ ತಡಿಯ ಹೆಂಗಸರಿಗೆ ವೈದ್ಯರು ಹೇಳಬೇಕಾಗಿಲ್ಲ.

"ಒಬ್ಬರೇ ಬಂದಿರಾ? ಮನೆಯವರಿಗೆ ಹೇಳಿ ಬಂದಿರಾ?" ಎಂದು ಕೇಳಿ, ನಾವು ದೂರವಾಣಿ ಮಾಡುವವರೆಗೆ ಬಿಡಲಿಲ್ಲ. ಕೊನೆಗೆ ತಾನೇ ಯಂತ್ರವನ್ನು ಇಸಿದುಕೊಂಡು ನಮ್ಮ ಸೊಸೆಯೊಡನೆ ಮಾತಾಡಿದಳು. ಏನು ಹೇಳಿದಳೋ, ಅಂದಿನಿಂದ ಮನೆಯಲ್ಲಿ ನಮ್ಮ ಏಕಾಂಗಿ ಪ್ರವಾಸಗಳಿಗೆ ವಿರೋಧ ಕಡಿಮೆಯಾಗಿದೆ.

ಮೂರನೆಯ ದಿನ ಅಂಕೋಲೆ. ಕಾರವಾರದಿಂದ ಸುಮಾರು 35 ಕಿಲೋಮೀಟರು. ಕಡಲನ್ನು ಬಲಕ್ಕೆ ಇಟ್ಟುಕೊಂಡು ಹೋಗುವ ದಾರಿ. ಆದರೆ ಬಹಳ ದೂರ ಕಡಲಿನ ಬದಲು ನೌಕಾನೆಲೆಯ ಗೋಡೆಯೇ ಕಾಣುತ್ತದೆ. 1986ರಲ್ಲಿ ಪ್ರಧಾನಿ ರಾಜೀವ ಗಾಂಧಿಯವರು 'ಸೀಬರ್ಡ್' ಯೋಜನೆಗೆ ಅಡಿಗಲ್ಲಿಟ್ಟರು; 2005ರಲ್ಲಿ 'ಕದಂಬ' ನೌಕಾನೆಲೆ ಕಾರ್ಯಾರಂಭ ಮಾಡಿತು. ಅದಕ್ಕಾಗಿ ಕಾರವಾರ, ಅಂಕೋಲೆ ತಾಲೂಕುಗಳ ಸಾವಿರಾರು ಕುಟುಂಬಗಳು ಗದ್ದೆ, ಮನೆ, ಕಡಲ ತಡಿಗಳನ್ನು ಬಿಟ್ಟು ತೋಡೂರು, ಮುದಗಾ ಮೊದಲಾದ ಕಾಲನಿಗಳಿಗೆ ಹೋದವು. ಪರಿಹಾರದ ವ್ಯಾಜ್ಯಗಳು ದಶಕಗಳ ಕಾಲ ನಡೆದವು. ದೇಶದ ರಕ್ಷಣೆಗೆ ನೌಕಾನೆಲೆ ಬೇಕೆಂಬುದನ್ನು ಯಾರೂ ಅಲ್ಲಗಳೆಯರು. ಗದ್ದೆ ಕೊಟ್ಟವನಿಗೆ ಹಣ ಕೊಡಲು ಅಷ್ಟು ವರ್ಷ ಏಕೆ ಬೇಕೆಂಬುದು ಮಾತ್ರ ನಮಗೆ ಅರ್ಥವಾಗಿಲ್ಲ.

ಈ ತಾಲೂಕಿನ ರೈತರು ನೆಲ ಕಳೆದುಕೊಂಡದ್ದು ಅದೇ ಮೊದಲಲ್ಲ. 1930ರ ಏಪ್ರಿಲ್ 13ರಂದು ಎಂ. ಪಿ. ನಾಡಕರ್ಣಿಯವರ ನೇತೃತ್ವದಲ್ಲಿ ಸಹಸ್ರಾರು ಜನ ಅಂಕೋಲೆಯಲ್ಲಿ ಕೂಡಿ ಉಪ್ಪು ತಯಾರಿಸಿ ಬಹಿರಂಗವಾಗಿ ಮಾರಿದರು. ಉಪ್ಪಿನ ಕಾನೂನು ಎಂಥ ಅನ್ಯಾಯವೆಂಬುದು ಈ ಬಿಸಿಲಿನಲ್ಲಿ ನಿಂತವರಿಗೆ ಮಾತ್ರ ಪೂರ್ತಿ ತಿಳಿಯುತ್ತದೆ. ಕಡಲ ನೀರನ್ನು ಮಡಿಗಳಲ್ಲಿ ನಿಲ್ಲಿಸಿದರೆ ಉಪ್ಪನ್ನು ಮಾಡುವವನು ಸೂರ್ಯ. ಎಷ್ಟು ಸೆಕೆಯೋ ಅಷ್ಟು ಬೆಳೆ. ಗಂಗಾವಳಿಯ ಆಚೆ ಗೋಕರ್ಣದ ಸಮೀಪದ ಸಾಣಿಕಟ್ಟೆಯಲ್ಲಿ ಮಳೆಗಾಲ ಕಾಲಿಡುವ ಮುನ್ನ, ನಾವು ನೆರಳು ಹುಡುಕುವ ಇದೇ ತಿಂಗಳುಗಳಲ್ಲಿ, ಆಳುಗಳು ಬರಿಗಾಲಿನಲ್ಲಿ ನಿಂತು ಉಪ್ಪು ಎಳೆಯುತ್ತಾರೆ. ಅವರ ಮೈಯಿಂದ ಹೋಗುವುದೂ ಉಪ್ಪೇ, ಕೈಗೆ ಬರುವುದೂ ಉಪ್ಪೇ. ಅದರ ಮೇಲೆ ಸರಕಾರದ ಕರ!

ಉಪ್ಪಿನ ಹಿಂದೆಯೇ ಕರನಿರಾಕರಣೆ ಬಂದಿತು. ಭೂಕಂದಾಯ ಕೊಡುವುದಿಲ್ಲವೆಂದು ಅಂಕೋಲೆ, ಸಿದ್ದಾಪುರ ತಾಲೂಕುಗಳ ರೈತರು ನಿಂತರು. ಅಂಕೋಲೆಗೆ 'ಕರ್ನಾಟಕದ ಬಾರ್ಡೋಲಿ' ಎಂಬ ಹೆಸರು ಬಂದಿತು. ಗದ್ದೆಗಳು ಜಪ್ತಿಯಾದವು, ದನಕರು, ಪಾತ್ರೆಪಗಡಗಳು ಹರಾಜಾದವು. ಮುಂಬಯಿ ಪ್ರಾಂತದ ಕಾಂಗ್ರೆಸ್ ಸರಕಾರ 1938ರಲ್ಲಿ ಕಾಯಿದೆ ಮಾಡಿ ಜಮೀನು ಮರಳಿ ಕೊಡಿಸುವವರೆಗೆ ಆ ಕುಟುಂಬಗಳು ಕೂಲಿನಾಲಿ ಮಾಡಿಕೊಂಡು ಬದುಕಿದವು. ನಮ್ಮ ಸಮಾಜದ ಹರ್ಡೇಕರ ಮಂಜಪ್ಪನವರೂ ಇದೇ ಜಿಲ್ಲೆಯ ಬನವಾಸಿಯವರೆಂಬುದು ಇಲ್ಲಿ ನೆನಪಾಗುತ್ತದೆ. 1913ರಲ್ಲಿ ದಾವಣಗೆರೆಯಲ್ಲಿ ಬಸವ ಜಯಂತಿಯ ಸಾರ್ವಜನಿಕ ಆಚರಣೆಗೆ ಮೊದಲಿಟ್ಟವರು ಅವರು. ಖಾದಿಗೂ ಕಾಯಕಕ್ಕೂ ಭೇದವೆಣಿಸದ ಜೀವ.

ಸೂರ್ವೆಯ ಕಡೆಯ ಹಿರಿಯರೊಬ್ಬರು ಸ್ಮಾರಕ ಭವನದ ಬಳಿ ನಮಗೆ ಸಿಕ್ಕರು. ಎಂಬತ್ತು ದಾಟಿದ ಅವರು ಆ ದಿನಗಳನ್ನು ಕಂಡವರಲ್ಲ, ತಾಯಿಯಿಂದ ಕೇಳಿದವರು. "ಗದ್ದೆ ಹೋದದ್ದಕ್ಕೆ ನಮ್ಮವ್ವ ಅಳಲಿಲ್ಲವಂತೆ. ಅಮಲ್ದಾರರ ಜನ ಬಚ್ಚಲ ಹಂಡೆಯನ್ನು ಹೊತ್ತುಕೊಂಡು ಹೋದರಲ್ಲ, ಅದಕ್ಕೆ ಅತ್ತಳಂತೆ, ಮನೆಯಲ್ಲಿ ಬಾಣಂತಿಯಿದ್ದಳು" ಎಂದರು. ತುಸು ತಡೆದು, "ಹಂಡೆಯನ್ನು ಹರಾಜಿನಲ್ಲಿ ಕೊಂಡವನು ನಮ್ಮ ಊರವನೇ. ರಾತ್ರಿ ಹಿತ್ತಿಲ ಬಾಗಿಲಿಗೆ ತಂದಿಟ್ಟು ಹೋದನಂತೆ. ಯಾರೆಂದು ಅವ್ವ ಕೊನೆಯವರೆಗೂ ಹೇಳಲಿಲ್ಲ" ಎಂದರು. ಯಾವ ಚರಿತ್ರೆಯ ಪುಸ್ತಕಕ್ಕೂ ಆ ಮನುಷ್ಯನ ಹೆಸರು ಸೇರುವುದಿಲ್ಲ. ಕೊಟ್ಟದ್ದು ತಿಳಿಯದಂತೆ ಕೊಡುವುದನ್ನೇ ನಮ್ಮಲ್ಲಿ ದಾಸೋಹವೆನ್ನುತ್ತಾರೆ.

ಅಂಕೋಲೆ ಇಂಥವರನ್ನು ಬಹಳ ಕಂಡಿದೆ. ರೈತರ ಪರವಾಗಿ ನಿಂತು ಜಿಲ್ಲೆಯಿಂದಲೇ ಗಡೀಪಾರಾದ ದಿನಕರ ದೇಸಾಯಿಯವರು 1953ರಲ್ಲಿ ಕೆನರಾ ವೆಲ್ಫೇರ್ ಟ್ರಸ್ಟ್ ಸ್ಥಾಪಿಸಿ ಹಳ್ಳಿ ಹಳ್ಳಿಗೆ ಶಾಲೆ ಒಯ್ದರು. ನಾಡಿಗೆ ಅವರು ಚುಟುಕದ ಕವಿಯೆಂದೇ ಹೆಚ್ಚು ಪರಿಚಿತರು. ಹೊನ್ನಳ್ಳಿಯ ತುಳಸಿ ಗೌಡರು ಸಸಿ ನೆಡುತ್ತಲೇ ಬಾಳಿ 2024ರ ಡಿಸೆಂಬರ್ 16ರಂದು ತೀರಿಕೊಂಡರು. ಅದೇ ವರ್ಷದ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಬದಿಯ ಚಹದಂಗಡಿಯನ್ನೂ ನಿಂತ ವಾಹನಗಳನ್ನೂ ಗಂಗಾವಳಿಗೆ ನೂಕಿತು. ದಾರಿಹೋಕರಿಗೆ ನೆರಳು, ನೀರು, ಚಹ ಕೊಡುತ್ತಿದ್ದ ಕುಟುಂಬವೇ ಹೋಯಿತು. ಗಿಡ ನೆಟ್ಟ ಕೈಗಳೂ ಗುಡ್ಡ ಕಡಿದ ಯಂತ್ರಗಳೂ ಒಂದೇ ತಾಲೂಕಿನಲ್ಲಿ ಕೆಲಸ ಮಾಡಿದವು.

ಹುಬ್ಬಳ್ಳಿಯ ಬಸ್ಸಿಗೆ ಇನ್ನೂ ಹೊತ್ತಿತ್ತು. ಪೇಟೆಯ ಬದಿಯಲ್ಲಿ ಕೊರಳ ತುಂಬ ಮಣಿಸರ ಧರಿಸಿದ ಹಾಲಕ್ಕಿ ಹೆಂಗಸರು ಬುಟ್ಟಿಗಳಲ್ಲಿ ಕರಿ ಇಶಾಡು ಮಾವನ್ನು ಇಟ್ಟುಕೊಂಡು ಕುಳಿತಿದ್ದರು. 2023ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಹಣ್ಣಿದು. ತೆಳುಸಿಪ್ಪೆಯದು, ಬಹುದಿನ ಬಾಳುವುದಿಲ್ಲ, ಆದುದರಿಂದ ಘಟ್ಟದ ಮೇಲೆ ಅಪರೂಪ. ಎಷ್ಟು ದೂರ ಒಯ್ಯುತ್ತೀರೆಂದು ಒಬ್ಬಳು ಕೇಳಿದಳು. ಹುಬ್ಬಳ್ಳಿಗೆ ಎಂದೆವು. ಮನೆಯಲ್ಲಿ ಎಷ್ಟು ಜನವೆಂದು ಕೇಳಿ, ಒಂದೊಂದೇ ಹಣ್ಣನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ ಮೂರು ಪಾಲು ಮಾಡಿದಳು. ಇವು ನಾಳೆಗೆ, ಇವು ನಾಡಿದ್ದಿಗೆ, ಇವೆರಡು ಈಗಲೇ ದಾರಿಯಲ್ಲಿ ತಿನ್ನತಕ್ಕವು ಎಂದು ಬೇರೆ ಬೇರೆ ಕಾಗದದಲ್ಲಿ ಸುತ್ತಿಕೊಟ್ಟಳು. ದಾರಿಯ ಎರಡಕ್ಕೆ ಹಣ ತೆಗೆದುಕೊಳ್ಳಲಿಲ್ಲ. ಅರೆಬೈಲ ಘಟ್ಟ ಹತ್ತುವಷ್ಟರಲ್ಲಿ ಅವು ತೀರಿದ್ದವು.